ಗಣಕಯಂತ್ರಕ್ಕೆ ಹೆಪ್ಪು ಹಾಕಿದವರು

ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಹೆಪ್ಪೆಂದರೆ ಬೇರೇನೂ ಅಲ್ಲ, ನಿನ್ನೆಯ ಮೊಸರೇ. ನಿನ್ನೆಯ ಮೊಸರಿಗೆ ಮೊನ್ನೆಯದು ಹೆಪ್ಪಾಯಿತು. ಮೊನ್ನೆಯದಕ್ಕೆ ಅದರ ಹಿಂದಿನದು. ಹೀಗೆ ಹಿಂದುಹಿಂದಕ್ಕೆ ಹೋದರೆ, ಮೊಟ್ಟಮೊದಲ ಮೊಸರಿಗೆ ಹೆಪ್ಪು ಎಲ್ಲಿಂದ ಬಂದೀತು ಎಂಬ ಪ್ರಶ್ನೆ ಎದುರಾಗುತ್ತದೆ. ಮನೆಯಲ್ಲಿ ಹೆಪ್ಪು ಮುಗಿದುಹೋದ ದಿನ ನಾವು ಈ ಪ್ರಶ್ನೆಯನ್ನು ಬಗೆಹರಿಸುತ್ತ ಕೂರುವುದಿಲ್ಲ. ಬಟ್ಟಲು ಹಿಡಿದು ನೆರೆಮನೆಗೆ ಹೋಗುತ್ತೇವೆ. ಆದರೆ ನಮ್ಮ ತಾರ್ಕಿಕರು ಇದನ್ನು ಹಾಗೆ ಬಿಟ್ಟವರಲ್ಲ. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ತೊಡಕನ್ನು ಬೀಜವೃಕ್ಷನ್ಯಾಯವೆಂದರು. ಕೊನೆಯಿಲ್ಲದೆ ಹಿಂದಕ್ಕೆ ಸರಿಯುತ್ತ ಹೋಗುವುದನ್ನು ಅನವಸ್ಥೆಯೆಂದರು. ಎರಡು ವಸ್ತುಗಳು ಒಂದಕ್ಕಾಗಿ ಇನ್ನೊಂದು ಕಾಯುತ್ತ ನಿಂತುಬಿಟ್ಟರೆ ಅದನ್ನು ಅನ್ಯೋನ್ಯಾಶ್ರಯವೆಂಬ ದೋಷವಾಗಿ ಎಣಿಸಿದರು.

ಗಣಕಯಂತ್ರವೆಂಬ ಆಧುನಿಕ ಸೃಷ್ಟಿಯ ಹೊಟ್ಟೆಯಲ್ಲಿ ಇದೇ ಹಳೆಯ ತೊಡಕು ಕುಳಿತಿದೆ. ದಿನವೂ ಬೆಳಿಗ್ಗೆ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಮನೆಯಲ್ಲಿ ಯಾರೋ ಒಬ್ಬರು ಗುಂಡಿಯೊತ್ತುತ್ತಾರೆ. ಕಪ್ಪಾಗಿದ್ದ ಪರದೆ ಬೆಳಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಯಂತ್ರ ನಮ್ಮ ಅಪ್ಪಣೆಗೆ ಸಿದ್ಧವಾಗಿ ನಿಲ್ಲುತ್ತದೆ. ಈ ಎರಡು ಗಳಿಗೆಗಳ ನಡುವೆ ನಡೆಯುವುದೇನು, ಆ ನಡುಗಾಲವನ್ನು ರೂಪಿಸಿದವರು ಯಾರು ಎಂಬುದು ಇಂದಿನ ವಿಷಯ. ಕನ್ನಡ ಪಾಠ ಹೇಳಿದವನಿಗೆ ಯಂತ್ರದ ಗೊಡವೆ ಏಕೆಂದು ಶ್ರೋತೃಗಳು ಕೇಳಬಹುದು. ಬರೆದದ್ದನ್ನು ಓದುವುದು, ಓದದವರಿಗೆ ಓದು ಕಲಿಸುವುದು, ಮೊದಲ ಮಾತು ಯಾರದೆಂದು ವಿಚಾರಿಸುವುದು ಅಕ್ಷರವನ್ನು ನಂಬಿ ಬಾಳಿದವರ ಕಸುಬೇ ಅಲ್ಲವೆ?

ಮೊದಲು ತೊಡಕಿನ ಸ್ವರೂಪವನ್ನು ತಿಳಿಯೋಣ. ಗಣಕಯಂತ್ರದ ನಡುಮನೆಯಲ್ಲಿ ಪ್ರೊಸೆಸರ್ ಎಂಬ ಭಾಗವೊಂದಿದೆ. ಅದಕ್ಕೆ ಗೊತ್ತಿರುವುದು ಒಂದೇ ಶಿಸ್ತು: ಸ್ಮರಣೆಯ ಒಂದು ಮನೆಯಿಂದ ಒಂದು ಆದೇಶವನ್ನು ತೆಗೆದುಕೊಳ್ಳುವುದು, ಅದರಂತೆ ನಡೆಯುವುದು, ಮುಂದಿನ ಮನೆಗೆ ಹೋಗುವುದು. ಈ ಸ್ಮರಣೆಯೋ ಶಾಲೆಯ ಹುಡುಗನ ಸ್ಲೇಟಿನಂತೆ. ವಿದ್ಯುತ್ತು ನಿಂತೊಡನೆ ಅದರ ಮೇಲಿನ ಬರಹವೆಲ್ಲ ಅಳಿಸಿಹೋಗುತ್ತದೆ. ಯಂತ್ರವನ್ನು ಆಳುವ ಆಪರೇಟಿಂಗ್ ಸಿಸ್ಟಂ ಎಂಬ ದೊಡ್ಡ ಗ್ರಂಥವಾದರೋ ಡಿಸ್ಕಿನಲ್ಲಿ, ಓಲೆಗರಿಯ ಕಟ್ಟಿನಂತೆ, ಭದ್ರವಾಗಿದೆ. ಅದನ್ನು ಡಿಸ್ಕಿನಿಂದ ಬಿಚ್ಚಿ ಸ್ಲೇಟಿನ ಮೇಲೆ ಬರೆದುಕೊಳ್ಳಲು ಆದೇಶಗಳು ಬೇಕು. ಆ ಆದೇಶಗಳು ಎಲ್ಲಿವೆ? ಅದೇ ಕಟ್ಟಿನೊಳಗೆ. ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆಯೊಳಗೇ ಉಳಿದ ಸ್ಥಿತಿ ಇದು. ಎಷ್ಟೇ ನುರಿತ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರ ಎಂಬ ದೃಷ್ಟಾಂತವನ್ನು ನಮ್ಮ ಶಾಸ್ತ್ರಕಾರರು ಮತ್ತೆ ಮತ್ತೆ ಕೊಡುತ್ತಾರೆ. ಯಂತ್ರ ತನ್ನ ಹೆಗಲನ್ನು ತಾನು ಏರಿದ್ದು ಹೇಗೆ?

ಆದಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಿರ್ಮಾಣವಾಗಿ ೧೯೪೬ರ ಫೆಬ್ರವರಿಯಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ನಳಿಕೆಗಳಿದ್ದವು. ಆದೇಶವನ್ನು ಅದು ಓದುತ್ತಿರಲಿಲ್ಲ. ಆದೇಶವೇ ಅದರ ಮೈಯಾಗಿತ್ತು. ಹೊಸ ಲೆಕ್ಕವೆಂದರೆ ತಂತಿಗಳನ್ನು ಕಿತ್ತು ಬೇರೆ ಕಡೆ ಚುಚ್ಚುವುದು, ಸ್ವಿಚ್ಚುಗಳನ್ನು ತಿರುಗಿಸುವುದು. ಇದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಕ್ಯಾಥ್ಲೀನ್ ಮೆಕ್‌ನಲ್ಟಿ, ಮಾರ್ಲಿನ್ ವೆಸ್ಕಾಫ್, ಫ್ರಾನ್ಸೆಸ್ ಬೈಲಸ್, ರೂತ್ ಲಿಕ್ಟರ್‌ಮನ್ ಎಂಬ ಆರು ಮಂದಿ ತರುಣಿಯರು ಆ ಕೆಲಸದಲ್ಲಿ ಪಳಗಿದ್ದರು. ಯಂತ್ರದ ಮೊದಲ ಆದೇಶದಿಂದ ಕೊನೆಯ ಆದೇಶದವರೆಗೆ ಎಲ್ಲವೂ ಮನುಷ್ಯರ ಕೈಯಲ್ಲಿ ಕಣ್ಣಿಗೆ ಕಾಣುವಂತೆ ಇತ್ತು. ಅವರ ಹೆಸರುಗಳು ಮಾತ್ರ ಬಹುಕಾಲ ಲೋಕಕ್ಕೆ ಕಾಣಲಿಲ್ಲ.

ಆದೇಶವನ್ನೂ ಅಂಕಿಯಂತೆಯೇ ಸ್ಮರಣೆಯಲ್ಲಿ ಬರೆದಿಡಬಹುದು ಎಂಬ ವಿಚಾರ ಅದೇ ಬಳಗದಲ್ಲಿ ಹುಟ್ಟಿ, ೧೯೪೫ರಲ್ಲಿ ಜಾನ್ ವಾನ್ ನಾಯ್ಮನ್ ಬರೆದ ವರದಿಯ ಮೂಲಕ ಹರಡಿತು. ಅದನ್ನು ಮೊದಲು ನಡೆಸಿ ತೋರಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಫ್ರೆಡ್ ವಿಲಿಯಮ್ಸ್, ಟಾಮ್ ಕಿಲ್ಬರ್ನ್ ಮತ್ತು ಜೆಫ್ ಟೂಟಿಲ್. ‘ಬೇಬಿ’ ಎಂಬ ಅಡ್ಡಹೆಸರಿನ ಅವರ ಯಂತ್ರದ ಸ್ಮರಣೆ ೩೨ ಸಾಲುಗಳದು. ಸಾಲಿಗೆ ೩೨ ಚುಕ್ಕಿಗಳು. ೧೯೪೮ರ ಜೂನ್ ೨೧ರಂದು ೧೭ ಆದೇಶಗಳ ಒಂದು ಪುಟ್ಟ ಪ್ರೋಗ್ರಾಮನ್ನು ಅದಕ್ಕೆ ಕೊಟ್ಟರು. ಕೊಟ್ಟದ್ದು ಹೇಗೆ? ಒಂದೊಂದು ಚುಕ್ಕಿಯನ್ನೂ ಗುಂಡಿಯೊತ್ತಿ ಕೈಯಾರೆ ಕೂರಿಸಿದರು. ೨,೬೨,೧೪೪ ಎಂಬ ಸಂಖ್ಯೆಯ ಅತಿ ದೊಡ್ಡ ಅಪವರ್ತನವನ್ನು ಹುಡುಕುವ ಆ ಲೆಕ್ಕ ೫೨ ನಿಮಿಷ ನಡೆದು ಸರಿಯುತ್ತರ ಬಂದಿತು. ಹದಿನೇಳು ಆದೇಶಗಳಾದರೆ ಕೈಯಿಂದ ಬರೆಯಬಹುದು, ಹದಿನೇಳು ಸಾವಿರವಾದರೆ? ಹೆಪ್ಪಿನ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಅದಕ್ಕೆ ಉತ್ತರ ದೊರೆತದ್ದು ಮರುವರ್ಷ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ. ೧೯೪೬ರ ಬೇಸಗೆಯಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಉಪನ್ಯಾಸಗಳನ್ನು ಕೇಳಿ ಬಂದಿದ್ದ ಮಾರಿಸ್ ವಿಲ್ಕ್ಸ್ ತಮ್ಮ ತಂಡದೊಡನೆ ಎಡ್ಸಾಕ್ ಎಂಬ ಯಂತ್ರವನ್ನು ಕಟ್ಟಿದರು. ಪಾದರಸ ತುಂಬಿದ ಕೊಳವೆಗಳಲ್ಲಿ ಓಡಾಡುವ ಶಬ್ದತರಂಗಗಳೇ ಅದರ ಸ್ಮರಣೆ. ೧೯೪೯ರ ಮೇ ೬ರಂದು ಅದು ವರ್ಗಸಂಖ್ಯೆಗಳ ಒಂದು ಕೋಷ್ಟಕವನ್ನು ಅಚ್ಚುಹಾಕಿತು. ತಂಡದಲ್ಲಿ ಡೇವಿಡ್ ವೀಲರ್ ಎಂಬ ೨೨ ವರ್ಷದ ಸಂಶೋಧನ ವಿದ್ಯಾರ್ಥಿಯಿದ್ದರು. ಯಂತ್ರಕ್ಕೆ ಮೊದಲು ಹೇಳಬೇಕಾದ ಮಾತುಗಳನ್ನು ಬರೆದವರು ಅವರು. ‘ಆರಂಭದ ಆದೇಶಗಳು’ ಎಂದು ಹೆಸರಾದ ಅವು ಒಟ್ಟು ೩೧. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬಳಸುತ್ತಿದ್ದ ಯೂನಿಸೆಲೆಕ್ಟರ್ ಎಂಬ ತಿರುಗುವ ಸ್ವಿಚ್ಚುಗಳಲ್ಲಿ ಈ ಆದೇಶಗಳನ್ನು ತಂತಿ ಬೆಸೆದು ಶಾಶ್ವತವಾಗಿ ಕೂರಿಸಿದರು. ಆರಂಭದ ಗುಂಡಿಯೊತ್ತಿದರೆ ಅವು ಸ್ಮರಣೆಯ ಮೊದಲ ಮನೆಗಳಿಗೆ ತಾವಾಗಿ ಇಳಿಯುತ್ತಿದ್ದವು. ಪ್ರೊಸೆಸರು ಅವುಗಳನ್ನು ನಡೆಸತೊಡಗುತ್ತಿತ್ತು.

ಆ ಮೂವತ್ತೊಂದು ಆದೇಶಗಳು ಮಾಡುತ್ತಿದ್ದುದೇನೆಂಬುದು ಗಮನಿಸಬೇಕಾದ ಸಂಗತಿ. ಅವು ಲೆಕ್ಕ ಮಾಡುತ್ತಿರಲಿಲ್ಲ, ಓದುತ್ತಿದ್ದವು. ತೂತು ಹೊಡೆದ ಕಾಗದದ ಸುರುಳಿಯ ಮೇಲೆ ಮನುಷ್ಯರು ತಮಗೆ ತಿಳಿಯುವಂತೆ, ಕೂಡುವುದಕ್ಕೆ ಇಂಗ್ಲಿಷಿನ ಎ ಅಕ್ಷರ, ಕಳೆಯುವುದಕ್ಕೆ ಎಸ್ ಅಕ್ಷರ, ಸ್ಮರಣೆಯ ಮನೆಗೆ ದಶಮಾನದ ಅಂಕಿ, ಹೀಗೆ ಬರೆದಿದ್ದನ್ನು ಒಂದೊಂದಾಗಿ ಓದಿ, ಯಂತ್ರದ ದ್ವಿಮಾನ ಭಾಷೆಗೆ ತಿರುಗಿಸಿ, ಸ್ಮರಣೆಯಲ್ಲಿ ಸಾಲಾಗಿ ಇಡುತ್ತಿದ್ದವು. ಕೆಲಸ ಮುಗಿದೊಡನೆ ಅಧಿಕಾರವನ್ನು ಹೊಸದಾಗಿ ಬಂದ ಪ್ರೋಗ್ರಾಮಿಗೆ ಒಪ್ಪಿಸುತ್ತಿದ್ದವು. ಅಂದರೆ ವೀಲರ್ ಯಂತ್ರಕ್ಕೆ ಮಾಡಿಸಿದ್ದು ಅಕ್ಷರಾಭ್ಯಾಸ. ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಹಿರಿಯರು ಮೊದಲ ಅಕ್ಷರವನ್ನು ತಿದ್ದಿಸುತ್ತಾರೆ. ಮಿಕ್ಕದ್ದನ್ನು ಮಗು ಓದಿ ಕಲಿಯುತ್ತದೆ. ಓದಲು ಬರುವಷ್ಟನ್ನು ಮಾತ್ರ ಹುಟ್ಟಿನಲ್ಲೇ ಕೊಟ್ಟುಬಿಟ್ಟರೆ, ಉಳಿದ ಲೋಕವನ್ನೆಲ್ಲ ಯಂತ್ರ ತಾನೇ ಓದಿಕೊಂಡೀತು ಎಂಬ ಈ ಕಾಣ್ಕೆ ಎಪ್ಪತ್ತೈದು ವರ್ಷಗಳು ಕಳೆದರೂ ಬದಲಾಗಿಲ್ಲ.

ಈ ಉಪಾಯಕ್ಕೆ ಹೆಸರು ಬಂದದ್ದು ಅಮೆರಿಕದಲ್ಲಿ. ಐಬಿಎಂ ಸಂಸ್ಥೆ ೧೯೫೨ರಲ್ಲಿ ಪ್ರಕಟಿಸಿದ ೭೦೧ ಎಂಬ ಯಂತ್ರದಲ್ಲಿ ‘ಲೋಡ್’ ಎಂಬ ಗುಂಡಿಯಿತ್ತು. ಅದನ್ನೊತ್ತಿದರೆ ತೂತು ಹೊಡೆದ ಕಾರ್ಡಿನಿಂದಲೋ ಟೇಪಿನಿಂದಲೋ ಒಂದೇ ಒಂದು ಪದ ಒಳಕ್ಕೆ ಬರುತ್ತಿತ್ತು, ಆ ಪದದಲ್ಲಿದ್ದ ಆದೇಶಗಳು ಮತ್ತಷ್ಟು ಪದಗಳನ್ನು ಕರೆತರುತ್ತಿದ್ದವು, ಅವು ಇನ್ನಷ್ಟನ್ನು. ೧೯೫೩ರಲ್ಲಿ ಈ ಯಂತ್ರವನ್ನು ವಿವರಿಸಿದ ಲೇಖನವೊಂದು ಈ ವಿಧಾನವನ್ನು ‘ಬೂಟ್‌ಸ್ಟ್ರಾಪ್’ ಎಂದು ಕರೆಯಿತು. ಬೂಟನ್ನು ಕಾಲಿಗೇರಿಸಲು ಅನುಕೂಲವಾಗಲೆಂದು ಅದರ ಹಿಂಬದಿಗೆ ಹೊಲಿದ ಪಟ್ಟಿಯೇ ಬೂಟ್‌ಸ್ಟ್ರಾಪ್. ಆ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದೆಂದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ನುಡಿಗಟ್ಟಿನಲ್ಲಿ ಆಗದ ಕೆಲಸವೆಂದೇ ಅರ್ಥ. ಜರ್ಮನಿಯ ಕತೆಗಳ ಬಡಾಯಿಗಾರ ಬ್ಯಾರನ್ ಮುಂಚೌಸೆನ್ ಕೆಸರಿನಲ್ಲಿ ಹೂತುಹೋದಾಗ ತನ್ನ ಜುಟ್ಟನ್ನು ತಾನೇ ಹಿಡಿದು, ಕುದುರೆಯನ್ನೂ ಸೇರಿಸಿ, ಮೇಲಕ್ಕೆಳೆದುಕೊಂಡನಂತೆ. ಅದೂ ಇದೇ ಬಗೆಯದು. ಆಗದ ಕೆಲಸದ ಹೆಸರನ್ನೇ ದಿನನಿತ್ಯದ ಕೆಲಸಕ್ಕೆ ಇಟ್ಟ ಯಂತ್ರಜ್ಞರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು. ಆ ಪದವೇ ಸವೆದು ‘ಬೂಟ್’ ಆಗಿ, ಇಂದು ಕನ್ನಡದಲ್ಲಿಯೂ ‘ಬೂಟ್ ಆಯಿತು, ಬೂಟ್ ಆಗಲಿಲ್ಲ’ ಎಂದು ಬಳಕೆಯಾಗುತ್ತಿದೆ.

ಆದರೆ ಹೆಸರು ಒಂದು ಸತ್ಯವನ್ನು ಮರೆಮಾಡುತ್ತದೆ. ಯಂತ್ರ ತನ್ನನ್ನು ತಾನು ಎಂದೂ ಎತ್ತಿಕೊಂಡಿಲ್ಲ. ಮೊದಲ ಎಳೆತ ಯಾವಾಗಲೂ ಮನುಷ್ಯನದು. ಇದು ಸ್ಪಷ್ಟವಾಗಿ ಕಾಣುತ್ತಿದ್ದುದು ೧೯೬೫ರಲ್ಲಿ ಮಾರುಕಟ್ಟೆಗೆ ಬಂದ ಪಿಡಿಪಿ-೮ರಂಥ ಸಣ್ಣ ಯಂತ್ರಗಳಲ್ಲಿ. ಅದರ ಮುಂಭಾಗದಲ್ಲಿ ಸ್ವಿಚ್ಚುಗಳ ಸಾಲು. ನಡೆಸುವವನು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಇಪ್ಪತ್ತಕ್ಕೂ ಕಡಿಮೆ ಪದಗಳ ಒಂದು ಕಿರುಪಾಠವನ್ನು ಒಂದೊಂದಾಗಿ ಸ್ಮರಣೆಗೆ ಇಳಿಸಬೇಕು. ಆ ಕಿರುಪಾಠ ಕಾಗದದ ಸುರುಳಿಯಿಂದ ಇನ್ನೊಂದು ದೊಡ್ಡ ಪಾಠವನ್ನು ತರುತ್ತದೆ. ಅದು ಬೇಕಾದ ಪ್ರೋಗ್ರಾಮನ್ನು ತರುತ್ತದೆ. ದಿನವೂ ಇದನ್ನೇ ಮಾಡಿದವರಿಗೆ ಪಾಠ ಕಂಠಸ್ಥವಾಗಿರುತ್ತಿತ್ತು. ಬರಹದ ಮೇಲೆ ನಿಂತ ಯಂತ್ರಕ್ಕೂ ಮೊದಲ ಮಾತನ್ನು ಬಾಯಿಪಾಠ ಮಾಡಿದವರೇ ಹೇಳಬೇಕಾಗಿದ್ದ ಕಾಲ ಅದು.

ಅಂಥ ಸ್ವಿಚ್ಚುಗಳ ಯುಗದ ಕೊನೆಗಾಲದ ಪ್ರಸಂಗವೊಂದು ಸ್ವಾರಸ್ಯವಾಗಿದೆ. ೧೯೭೫ರ ಜನವರಿಯಲ್ಲಿ ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ ೮೮೦೦ ಎಂಬ, ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಗಣಕಯಂತ್ರದ ಚಿತ್ರ ಬಂದಿತು. ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಎಂಬ ಇಬ್ಬರು ತರುಣರು ಆ ಯಂತ್ರವನ್ನು ಕಣ್ಣಿನಿಂದ ನೋಡದೆಯೇ ಅದಕ್ಕೆ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದರು. ಅದನ್ನು ತೋರಿಸಲು ಆಲನ್ ವಿಮಾನದಲ್ಲಿ ಆಲ್ಬುಕರ್ಕಿ ಪಟ್ಟಣಕ್ಕೆ ಹೊರಟರು. ವಿಮಾನ ಇಳಿಯುವ ಹೊತ್ತಿಗೆ ಅವರಿಗೆ ನೆನಪಾಯಿತು: ಭಾಷೆ ಸುರುಳಿಯ ಮೇಲಿದೆ, ಸುರುಳಿಯನ್ನು ಓದುವ ಕಿರುಪಾಠವನ್ನೇ ಬರೆದಿಲ್ಲ! ಕುಳಿತಲ್ಲೇ ಅದನ್ನು ಬರೆದುಕೊಂಡರು. ಮರುದಿನ ಸ್ವಿಚ್ಚುಗಳ ಮೂಲಕ ಅದನ್ನು ಒಳಗಿಳಿಸಿದಾಗ ಯಂತ್ರ ಸುರುಳಿಯನ್ನು ಓದಿಕೊಂಡು, ಎರಡು ಮತ್ತು ಎರಡು ಕೂಡಿದರೆ ನಾಲ್ಕೆಂದು ಉತ್ತರ ಕೊಟ್ಟಿತು. ಮುಂದೆ ಜಗತ್ತನ್ನೇ ಆವರಿಸಿದ ಉದ್ಯಮದ ಅಡಿಗಲ್ಲಿನಲ್ಲಿಯೂ ವಿಮಾನದಲ್ಲಿ ಅವಸರವಾಗಿ ಗೀಚಿದ ಈ ಹೆಪ್ಪು ಇದೆ.

ಜನಸಾಮಾನ್ಯರು ದಿನವೂ ಸ್ವಿಚ್ಚು ತಿರುಗಿಸುತ್ತ ಕೂರಲಾರರು. ಆದ್ದರಿಂದ ಮೊದಲ ಮಾತನ್ನು ‘ರಾಮ್’ ಎಂಬ, ಓದಲು ಮಾತ್ರ ಬರುವ, ವಿದ್ಯುತ್ತು ಹೋದರೂ ಅಳಿಯದ ಬಿಲ್ಲೆಯಲ್ಲಿ ಕಾರ್ಖಾನೆಯಲ್ಲೇ ಕೆತ್ತಿ ಕೊಡುವ ಪದ್ಧತಿ ಬೆಳೆಯಿತು. ಇದು ಸ್ಲೇಟಿನಂಥ ಸ್ಮರಣೆಯನ್ನು ಸೂಚಿಸುವ ‘ರ‍್ಯಾಮ್’ ಅಲ್ಲ. ಕಿವಿಗೆ ಹತ್ತಿರವಾದರೂ ಗುಣದಲ್ಲಿ ವಿರುದ್ಧ. ಸ್ಮರಣೆ ಸ್ಲೇಟಾದರೆ, ಡಿಸ್ಕು ಓಲೆಗರಿಯಾದರೆ, ಈ ಬಿಲ್ಲೆ ಶಿಲಾಶಾಸನ. ೧೯೮೧ರ ಆಗಸ್ಟ್ ೧೨ರಂದು ಪ್ರಕಟವಾದ ಐಬಿಎಂ ಪಿಸಿಯಲ್ಲಿ ಅಂಥ ಶಾಸನದ ಹೆಸರು ಬಯಾಸ್. ಅದರ ಗಾತ್ರ ೮ ಕಿಲೋಬೈಟು. ವಿದ್ಯುತ್ತು ಹರಿದೊಡನೆ ಪ್ರೊಸೆಸರು ತನ್ನ ಕೈಗೆಟಕುವ ವಿಳಾಸಗಳ ಕಟ್ಟಕಡೆಗಿಂತ ಕೇವಲ ೧೬ ಬೈಟು ಕೆಳಗಿನ ಮನೆಯನ್ನು ನೋಡುತ್ತದೆ. ‘ಇಂಥ ಕಡೆಗೆ ಹೋಗು’ ಎಂಬ ಕೈಮರವಷ್ಟೇ ಅಲ್ಲಿರುವುದು. ಅದು ತೋರಿದಲ್ಲಿಗೆ ಹೋದರೆ ಬಯಾಸ್ ಎದ್ದು, ಸ್ಮರಣೆ, ಕೀಲಿಮಣೆ, ಪರದೆಗಳನ್ನು ಪರೀಕ್ಷಿಸಿ, ಎಲ್ಲ ಸರಿಯಿದೆಯೆಂದು ಒಮ್ಮೆ ಸದ್ದು ಮಾಡಿ, ಡಿಸ್ಕಿನ ಮೊದಲ ತುಣುಕಾದ ೫೧೨ ಬೈಟುಗಳನ್ನು ಸ್ಮರಣೆಗೆ ತಂದಿಡುತ್ತದೆ. ತಾಳೆಗರಿಯ ಒಂದು ಗರಿಯಷ್ಟಿರುವ ಆ ತುಣುಕು ತನಗಿಂತ ದೊಡ್ಡ ಪಾಠವನ್ನೂ, ಅದು ಇಡೀ ಆಪರೇಟಿಂಗ್ ಸಿಸ್ಟಮನ್ನೂ ಕರೆಯುತ್ತದೆ.

ಸಂಸ್ಕೃತ ನಾಟಕಗಳಲ್ಲಿ ಸೂತ್ರಧಾರ ನಾಂದಿಯ ಬಳಿಕ ಬಂದು, ಕವಿಯ ಹೆಸರನ್ನೂ ಕತೆಯ ಸುಳಿವನ್ನೂ ಕೊಟ್ಟು, ಮೊದಲ ಪಾತ್ರ ಪ್ರವೇಶಿಸುವ ಹೊತ್ತಿಗೆ ಮರೆಯಾಗುತ್ತಾನೆ. ಇಲ್ಲಿಯೂ ಹಾಗೆಯೇ, ಆದರೆ ಇಲ್ಲಿ ಸೂತ್ರಧಾರರು ಒಬ್ಬರಲ್ಲ, ಒಬ್ಬರ ಹಿಂದೆ ಒಬ್ಬರಾಗಿ ಬರುವ ಸಾಲು. ಪ್ರತಿಯೊಬ್ಬನೂ ತನಗಿಂತ ದೊಡ್ಡವನನ್ನು ರಂಗಕ್ಕೆ ಕರೆದು, ಅಧಿಕಾರವನ್ನು ಒಪ್ಪಿಸಿ, ಸರಿದುಹೋಗುತ್ತಾನೆ. ಕರೆದವನು ಬಂದವನನ್ನು ಪರೀಕ್ಷಿಸುವುದಿಲ್ಲ, ನಂಬುತ್ತಾನೆ. ಮುಂದಿನ ಕತೆಯೆಲ್ಲ ಈ ನಂಬಿಕೆಯದೇ.

ಮೊದಲ ಮಾತು ಯಾರ ಕೈಯಲ್ಲಿದೆಯೋ ಯಂತ್ರ ಅವರದು ಎಂಬುದು ಬೇಗನೆ ತಿಳಿದುಬಂದಿತು. ಐಬಿಎಂ ಪಿಸಿಯ ಬಹುತೇಕ ಭಾಗಗಳು ಪೇಟೆಯಲ್ಲಿ ಯಾರಿಗಾದರೂ ಸಿಗುತ್ತಿದ್ದವು. ಅನ್ಯರಿಗೆ ದಕ್ಕದೆ ಉಳಿದದ್ದು ಬಯಾಸ್. ಅದರ ಪಾಠವನ್ನು ಐಬಿಎಂ ತಾನೇ ಕೈಪಿಡಿಯಲ್ಲಿ ಮುದ್ರಿಸಿತ್ತು. ಎಲ್ಲರೂ ಓದಬಹುದು, ಯಾರೂ ನಕಲು ಮಾಡುವಂತಿಲ್ಲ. ೧೯೮೨ರಲ್ಲಿ ಸ್ಥಾಪನೆಯಾದ ಕಾಂಪ್ಯಾಕ್ ಸಂಸ್ಥೆ ಇದಕ್ಕೊಂದು ದಾರಿ ಕಂಡಿತು. ಒಂದು ತಂಡ ಬಯಾಸ್ ಏನೇನು ಮಾಡುತ್ತದೆಂಬುದನ್ನಷ್ಟೇ ವಿವರಿಸಿ ಬರೆಯಿತು. ಮೂಲವನ್ನು ಕಣ್ಣೆತ್ತಿಯೂ ನೋಡದ ಇನ್ನೊಂದು ತಂಡ ಆ ವಿವರಣೆಯಿಂದ ಹೊಸ ಪಾಠವನ್ನು ರಚಿಸಿತು. ಕತೆಯನ್ನು ಕೇಳಿ, ಮೂಲವನ್ನು ಓದದೆ, ಸ್ವಂತ ಕಾವ್ಯ ಬರೆದಂತೆ. ಆ ಕೆಲವೇ ಕಿಲೋಬೈಟುಗಳ ಬಿಡುಗಡೆಯಿಂದ ಜಗತ್ತಿನ ಎಷ್ಟೋ ಸಂಸ್ಥೆಗಳು ಪಿಸಿಗಳನ್ನು ಮಾಡುವಂತಾಯಿತು, ಬೆಲೆ ಇಳಿಯಿತು.

ನಂಬಿಕೆಯಿದ್ದಲ್ಲಿ ವಂಚನೆಯೂ ಹೊಂಚುತ್ತದೆ. ೧೯೮೬ರಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ಇಬ್ಬರು ಸಹೋದರರು ಬರೆದ ‘ಬ್ರೇನ್’ ಎಂಬ ವೈರಸ್ ಫ್ಲಾಪಿಯ ಮೊದಲ ತುಣುಕನ್ನು ಬೇರೆಡೆಗೆ ಸರಿಸಿ ತಾನು ಆ ಜಾಗದಲ್ಲಿ ಕುಳಿತುಕೊಂಡಿತು. ಸೂತ್ರಧಾರನ ವೇಷದಲ್ಲಿ ಬೇರೊಬ್ಬ ರಂಗಕ್ಕೆ ಬಂದಿದ್ದ. ಬಯಾಸ್ ಅವನನ್ನೂ ನಂಬಿತು. ಮುಂದೆ, ತಿದ್ದುವ ಅನುಕೂಲಕ್ಕಾಗಿ ಶಾಸನದ ಬಿಲ್ಲೆಗಳ ಬದಲು ಅಳಿಸಿ ಬರೆಯಬಹುದಾದ ಫ್ಲ್ಯಾಷ್ ಬಿಲ್ಲೆಗಳು ಬಂದವು. ಶಿಲಾಶಾಸನ ಹೋಗಿ ನಮ್ಮ ಹಳೆಯ ವರ್ತಕರ ಕಡತ ಬಂದಂತಾಯಿತು. ಬಳಪದಲ್ಲಿ ಬರೆದದ್ದನ್ನು ಒರೆಸಬಹುದು. ೧೯೯೯ರ ಏಪ್ರಿಲ್ ೨೬ರಂದು ತೈವಾನಿನ ವಿದ್ಯಾರ್ಥಿಯೊಬ್ಬ ಬರೆದಿದ್ದ ಸಿಐಎಚ್ ಎಂಬ ವೈರಸ್ ಬಹುಸಂಖ್ಯೆಯ ಯಂತ್ರಗಳಲ್ಲಿ ಆ ಕಡತವನ್ನೇ ಒರೆಸಿಹಾಕಿತು. ಓದು ಕಲಿಸುವ ಮೊದಲ ಪಾಠವೇ ಅಳಿದ ಯಂತ್ರಕ್ಕೆ ಔಷಧವನ್ನು ಓದಿಸುವುದಾದರೂ ಹೇಗೆ? ಬಿಲ್ಲೆಯನ್ನೇ ಬದಲಿಸಬೇಕಾಯಿತು.

ಯೂನಿಕ್ಸ್ ವ್ಯವಸ್ಥೆಯ ಕರ್ತೃಗಳಲ್ಲೊಬ್ಬರಾದ ಕೆನ್ ಥಾಮ್ಸನ್ ೧೯೮೪ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ದರು. ಒಂದು ಪ್ರೋಗ್ರಾಮಿನ ಪಾಠವನ್ನು ಅಕ್ಷರ ಬಿಡದೆ ಓದಿ ನಿರ್ದೋಷವೆಂದು ಕಂಡರೂ, ಅದನ್ನು ಯಂತ್ರಭಾಷೆಗೆ ತಿರುಗಿಸಿದ ಉಪಕರಣದಲ್ಲಿ ಹಿಂದೆಂದೋ ಮೋಸ ಸೇರಿದ್ದರೆ ಅದು ಪೀಳಿಗೆಯಿಂದ ಪೀಳಿಗೆಗೆ ಕಾಣದಂತೆ ಹರಿದುಬರಬಲ್ಲುದೆಂದು ತೋರಿಸಿದರು. ಹುಳಿ ಹೆಪ್ಪಿನ ಹುಳಿ ಮೊಸರಿಗೆ ಇಳಿಯುವಂತೆ. ಕೊನೆಗೆ ನಂಬಬೇಕಾದದ್ದು ಪಾಠವನ್ನಲ್ಲ, ಬರೆದವರನ್ನು ಎಂಬುದು ಅವರ ಮಾತಿನ ತಾತ್ಪರ್ಯ.

ಈ ಸಂಶಯಕ್ಕೆ ಉದ್ಯಮ ಕೊಟ್ಟ ಉತ್ತರ ಮುದ್ರೆಯೊತ್ತುವುದು. ಹಳೆಯ ಬಯಾಸಿನ ಸ್ಥಾನಕ್ಕೆ ಬಂದ ಯುಇಎಫ್‌ಐ ಎಂಬ ವ್ಯವಸ್ಥೆಯಲ್ಲಿ, ೨೦೧೨ರಲ್ಲಿ ವಿಂಡೋಸ್ ೮ ಬಂದಂದಿನಿಂದ ವ್ಯಾಪಕವಾದ ‘ಸೆಕ್ಯೂರ್ ಬೂಟ್’ ಪದ್ಧತಿಯಂತೆ, ಪ್ರತಿಯೊಬ್ಬ ಸೂತ್ರಧಾರನೂ ಮುಂದೆ ಬರುವವನ ಮುದ್ರೆಯುಂಗುರವನ್ನು ನೋಡಿಯೇ ಒಳಗೆ ಬಿಡುತ್ತಾನೆ. ಒಳ್ಳೆಯದೇ. ಆದರೆ ಮುದ್ರೆ ಯಾರದು? ಬಹುಪಾಲು ಪಿಸಿಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯದು. ಲಿನಕ್ಸ್ ಬಳಗದವರು ಆಗ ದೊಡ್ಡದಾಗಿ ಆಕ್ಷೇಪಿಸಿ, ಕಡೆಗೆ ಆ ಸಂಸ್ಥೆಯಿಂದಲೇ ಮುದ್ರೆ ಪಡೆದ ಸಣ್ಣ ಸೂತ್ರಧಾರನೊಬ್ಬನನ್ನು ಮುಂದೆ ನಿಲ್ಲಿಸಿಕೊಂಡರು. ಅನವಸ್ಥೆ ತೀರಲಿಲ್ಲ; ಒಂದು ಮೆಟ್ಟಿಲು ಮೇಲಕ್ಕೆ ಸರಿಯಿತಷ್ಟೆ.

ಮುದ್ರೆಯಿದ್ದ ಮಾತ್ರಕ್ಕೆ ಮಾತು ನಿರ್ದೋಷವಾಗುವುದಿಲ್ಲ ಎಂಬುದನ್ನು ೨೦೨೪ರ ಜುಲೈ ೧೯ ತೋರಿಸಿಕೊಟ್ಟಿತು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶ ಸಂಸ್ಥೆ ಕಳಿಸಿದ ದೋಷಯುಕ್ತ ಕಡತವೊಂದರಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ೮೫ ಲಕ್ಷ ಯಂತ್ರಗಳು ಕೆಟ್ಟುನಿಂತವು. ಇದರಲ್ಲಿ ದುರುದ್ದೇಶವಿರಲಿಲ್ಲ. ತಪ್ಪನ್ನು ಒಂದೂವರೆ ಗಂಟೆಯೊಳಗೆ ಹಿಂತೆಗೆದುಕೊಂಡದ್ದೂ ನಿಜ. ಆದರೆ ಆ ತಂತ್ರಾಂಶ ಯಂತ್ರ ಎಚ್ಚರಗೊಳ್ಳುವಾಗಲೇ, ಬಹು ಮುಂಚೆ ಓದಿಕೊಳ್ಳುವಂಥದು. ಏಳುತ್ತಿದ್ದಂತೆ ಯಂತ್ರ ಬೀಳುತ್ತಿತ್ತು. ಬಿದ್ದು ಮತ್ತೆ ಏಳಹೋಗಿ ಮತ್ತೆ ಬೀಳುತ್ತಿತ್ತು. ಸರಿಪಡಿಸಿದ ಕಡತ ಜಾಲದಲ್ಲಿ ಸಿದ್ಧವಾಗಿತ್ತು. ಅದನ್ನು ಪಡೆಯಬೇಕಾದರೆ ಯಂತ್ರ ಎದ್ದು ನಿಲ್ಲಬೇಕು. ಎದ್ದು ನಿಲ್ಲಬೇಕಾದರೆ ಅದನ್ನು ಪಡೆಯಬೇಕು. ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆಯೊಳಗೆ! ಪ್ರಪಂಚದ ಹಲವೆಡೆ ಆಸ್ಪತ್ರೆಗಳ, ಬ್ಯಾಂಕುಗಳ ಕೆಲಸ ಅಸ್ತವ್ಯಸ್ತವಾಯಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. ಕಡೆಗೆ ಎಷ್ಟೋ ಯಂತ್ರಗಳ ಮುಂದೆ ಒಬ್ಬೊಬ್ಬ ಮನುಷ್ಯ ಹೋಗಿ ಕುಳಿತು, ಅದನ್ನು ಬೇರೊಂದು ಬಗೆಯಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ತನ್ನ ಕೈಯಿಂದ ಅಳಿಸಬೇಕಾಯಿತು.

ಮ್ಯಾಂಚೆಸ್ಟರಿನಲ್ಲಿ ಚುಕ್ಕಿಗಳನ್ನು ಕೂರಿಸಿದ ಕೈಗೂ ಈ ಕೈಗೂ ನಡುವೆ ಎಪ್ಪತ್ತಾರು ವರ್ಷಗಳು. ಆ ಅವಧಿಯಲ್ಲಿ ನಾವು ಮೊದಲ ಮಾತನ್ನು ಸ್ವಿಚ್ಚಿನಿಂದ ತಂತಿಗೆ, ತಂತಿಯಿಂದ ಬಿಲ್ಲೆಗೆ, ಬಿಲ್ಲೆಯಿಂದ ಮುದ್ರೆಗೆ ಸರಿಸುತ್ತ ಕಣ್ಣಿಗೆ ಕಾಣದಂತೆ ಮಾಡಿದ್ದೇವೆ. ಅದರಿಂದ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯಲಾಗದು. ವೀಲರ್ ಬರೆದ ಮೂವತ್ತೊಂದು ಆದೇಶಗಳನ್ನು ಒಬ್ಬ ವಿದ್ಯಾರ್ಥಿ ಒಂದು ಸಂಜೆಯಲ್ಲಿ ಕುಳಿತು ಓದಿ ತಿಳಿಯಬಹುದಾಗಿತ್ತು. ನಮ್ಮ ಮೇಜಿನ ಮೇಲಿನ ಯಂತ್ರ ಇಂದು ಬೆಳಿಗ್ಗೆ ಓದಿಕೊಂಡ ಮೊದಲ ಮಾತುಗಳನ್ನು ಒಬ್ಬನೇ ಕುಳಿತು ಪೂರ್ತಿ ಓದುವುದು ಕಷ್ಟ. ಎಷ್ಟೋ ಯಂತ್ರಗಳಲ್ಲಿ ಅವುಗಳ ಮೂಲಪಾಠ ಪ್ರಕಟವೂ ಆಗಿರುವುದಿಲ್ಲ. ಹಾಗೆಂದು ಯಂತ್ರವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅನವಸ್ಥೆಯನ್ನು ತರ್ಕದಿಂದ ಕಳೆಯಲಾಗದಿದ್ದಾಗ ಅದು ಎಲ್ಲಿಯೋ ಒಂದೆಡೆ ಒಬ್ಬ ಮನುಷ್ಯನ ಮಾತಿನಲ್ಲಿ ನಿಲ್ಲುತ್ತದೆ. ಆ ಮನುಷ್ಯ ಯಾರೆಂದು ಕೇಳುವ ಹಕ್ಕು, ಆತ ಬರೆದದ್ದನ್ನು ತೆರೆದು ಓದುವ ಹಕ್ಕು, ಓದಬಲ್ಲ ನಾಲ್ಕು ಜನರಾದರೂ ಊರಿನಲ್ಲಿರುವಂತೆ ನೋಡಿಕೊಳ್ಳುವ ಹೊಣೆ, ಇವಿಷ್ಟು ನಮ್ಮಲ್ಲಿ ಉಳಿದಿರಬೇಕು. ನೆರೆಮನೆಯಿಂದ ಹೆಪ್ಪು ತರುವವರಿಗೂ ಆ ಮನೆಯವರ ಪರಿಚಯವಿರುತ್ತದೆ.